ಹತ್ತಕ್ಕೆ ಒಂದು

ಕಾರಿನ ಬ್ರೇಕು ಒತ್ತಿದಾಗೊಮ್ಮೆ ಕಿರ್ರೆನ್ನತೊಡಗಿ ವಾರವಾಗಿತ್ತು. ಒಂದು ಶನಿವಾರ ಮುಂಜಾನೆಯ ಶಾಲೆ ಮುಗಿಸಿಕೊಂಡು ಧಾರವಾಡದಾಚೆಯ ಅಮ್ಮಿನಬಾವಿಯಿಂದ ನೇರವಾಗಿ ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಬಂದೆ. ಸಂಜೆಯೊಳಗೆ ಗಾಡಿ ಸಿಗುತ್ತದೆ, ಸೋಮವಾರ ಎಂದಿನಂತೆ ಶಾಲೆಗೆ ಹೋದರಾಯಿತು ಅಂದುಕೊಂಡಿದ್ದೆ. ಗಾಡಿ ನನ್ನ ಕೈಗೆ ಬಂದದ್ದು ನಲವತ್ತೊಂದನೆಯ ದಿನ.

ನನ್ನ ಗಾಡಿ ಎಲ್ಲರ ಗಾಡಿಯಂಥದ್ದಲ್ಲ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಬಲಗಾಲು ಪೂರ್ತಿ ಹೋಯಿತು, ಎಡಗಾಲು ಅರ್ಧ ಉಳಿಯಿತು. ಬಲಗಾಲಿಗೆ ತೊಡೆಯವರೆಗೆ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡು, ಊರುಗೋಲು ಹಿಡಿದು ನಡೆಯುತ್ತೇನೆ. ಕ್ಲಚ್ ಇಲ್ಲದ ಗಾಡಿಯನ್ನೇ ನೋಡಿ ಕೊಂಡಿದ್ದೆ. ಅದರ ಸ್ಟಿಯರಿಂಗ್ ಕೆಳಗೆ ಒಂದು ಕಬ್ಬಿಣದ ರಾಡು. ಮುಂದಕ್ಕೆ ದೂಡಿದರೆ ಬ್ರೇಕು, ನನ್ನ ಕಡೆಗೆ ಎಳೆದರೆ ಎಕ್ಸಲರೇಟರ್. ಬೆಳಗಾವಿಯ ಒಬ್ಬ ವಯಸ್ಸಾದ ಮಿಸ್ತ್ರಿ ನನ್ನನ್ನು ಮೂರು ಸಲ ಸೀಟಿನಲ್ಲಿ ಕೂರಿಸಿ, ನನ್ನ ತೋಳಿನ ಉದ್ದಕ್ಕೆ ಅಳೆದು ಅದನ್ನು ಮಾಡಿಕೊಟ್ಟಿದ್ದ. ಅದಕ್ಕೂ ಮೊದಲು, ನೌಕರಿಯ ಹದಿನಾಲ್ಕು ವರ್ಷ ಅಣ್ಣನ ಸ್ಕೂಟರು, ಯಾರದೋ ರಿಕ್ಷಾ, ಯಾರದೋ ಉಪಕಾರ. ಗಾಡಿ ಬಂದ ಮೇಲಿನ ಆರು ವರ್ಷ ನಾನು ಯಾರ ದಾರಿಯನ್ನೂ ಕಾಯ್ದಿರಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ ನನ್ನ ಗಾಡಿ ಬರೆದುಕೊಂಡವನು ಮೂವತ್ತರ ಆಸುಪಾಸಿನ ಅಡ್ವೈಸರ್. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್. ಒಳ್ಳೆಯ ಮಾತು.

"ಏನ್ ತೊಂದ್ರಿ ಅದರಿ ಮೇಡಂ?"

ಬ್ರೇಕಿನ ಸಪ್ಪಳ ಹೇಳಿದೆ. ಆಮೇಲೆ ರಾಡು ತೋರಿಸಿ, "ಇದಕ್ಕ ಯಾರೂ ಕೈ ಹಚ್ಚಬಾರದು ನೋಡ್ರಿ. ಬಿಚ್ಚೂದ ಬಂದ್ರ ಮೊದಲ ನನಗ ಫೋನ್ ಮಾಡ್ರಿ. ನಿಮ್ಮ ಡ್ರೈವರ್ ಎಂದಿನಂಗ ಕಾಲಿಲೇನ ಹೊಡೀಬಹುದು, ರಾಡು ಏನೂ ಅಡ್ಡ ಬರೂದಿಲ್ಲ" ಅಂದೆ.

"ಆತ್ರಿ ಮೇಡಂ. ನೀವೇನೂ ಕಾಳಜಿ ಮಾಡಬ್ಯಾಡ್ರಿ."

ಟ್ಯಾಬಿನಲ್ಲಿ ಏನೋ ಒತ್ತಿದ, ನನ್ನ ಕಡೆ ತಿರುಗಿಸಿದ. ಬೆರಳಿನಿಂದ ಸಹಿ ಮಾಡಿದೆ. ಅದರಲ್ಲಿ ಬ್ರೇಕ್ ಸೌಂಡ್ ಎಂದಷ್ಟೇ ಇತ್ತು, ರಾಡಿನ ಮಾತೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ದಿನಾ ಮಕ್ಕಳಿಗೆ ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರಿ ಅಂತ ಹೇಳುವ ಗಣಿತದ ಮಾಸ್ತರಿಣಿ ನಾನು. ಅವತ್ತು ಓದದೆ ಸಹಿ ಮಾಡಿದೆ.

ಸಂಜೆ ಫೋನು ಬಂತು. ಒಂದು ಪಾರ್ಟ್ ಬರಬೇಕಂತೆ, ಸೋಮವಾರ ಕೊಡುತ್ತಾರಂತೆ. ಸೋಮವಾರ ಮಂಗಳವಾರವಾಯಿತು, ಮಂಗಳವಾರ ಗುರುವಾರವಾಯಿತು. ಅಣ್ಣ ಔಷಧ ಏಜೆನ್ಸಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಹುಬ್ಬಳ್ಳಿ ಗೋಪನಕೊಪ್ಪದ ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ಅವನು, ಅವನ ಹೆಂಡತಿ, ಅಂದರೆ ನನ್ನ ವೈನಿ; ಕೆಳಗೆ ನಾನು. ತನ್ನ ಕೆಲಸಕ್ಕೆ ಮೊದಲು ನನ್ನನ್ನು ಸ್ಕೂಟರಿನ ಮೇಲೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ಬಿಡತೊಡಗಿದ. ಚಿಗರಿ ಬಸ್ಸು ಪರವಾಗಿಲ್ಲ, ನಿಲ್ದಾಣದ ಕಟ್ಟೆಯೂ ಬಸ್ಸಿನ ಬಾಗಿಲೂ ಒಂದೇ ಎತ್ತರ. ತೊಂದರೆ ಇದ್ದದ್ದು ಧಾರವಾಡದಲ್ಲಿ ಇಳಿದ ಮೇಲೆ ಹತ್ತಬೇಕಾದ ಹಳ್ಳಿ ಬಸ್ಸಿನದು. ಅದರ ಮೊದಲ ಮೆಟ್ಟಿಲು ನನ್ನ ಮೊಣಕಾಲಿನಷ್ಟು ಎತ್ತರ. ಹಿಂದೆ ಜನ ನೂಕುತ್ತಿರುತ್ತಾರೆ. "ಲಗೂ ಹತ್ರಿ ಅಕ್ಕಾರ" ಅನ್ನುತ್ತಾನೆ ಕಂಡಕ್ಟರ್. ಬೈಯುವ ದನಿಯೇನಲ್ಲ ಅದು. ಆದರೂ ಪ್ರತಿ ದಿನ ಆ ಮಾತು ಕೇಳಿದಾಗ ಬೆನ್ನು ಬೆವರುತ್ತಿತ್ತು.

ಏಳನೆಯ ದಿನ, ಶುಕ್ರವಾರ, ಗಾಡಿ ರೆಡಿ ಎಂದು ಫೋನು ಬಂತು. ಅರ್ಧ ದಿನ ರಜೆ ಹಾಕಿ ಹೋದೆ. ಗಾಡಿಯನ್ನು ತೊಳೆದು ಬಾಗಿಲ ಮುಂದೆ ನಿಲ್ಲಿಸಿದ್ದರು. ಊರುಗೋಲನ್ನು ಪಕ್ಕದ ಸೀಟಿಗೆ ಒಗೆದು, ಎರಡೂ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ರೂಢಿಯಂತೆ ಸ್ಟಿಯರಿಂಗ್ ಕೆಳಗೆ ಕೈ ಚಾಚಿದೆ. ಕೈಗೆ ಏನೂ ಸಿಗಲಿಲ್ಲ.

ಬಗ್ಗಿ ನೋಡಿದೆ. ರಾಡಿನ ತುಂಡುಗಳು ಹಿಂದಿನ ಸೀಟಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿದ್ದವು. ಪೆಡಲಿಗೆ ಕಚ್ಚಿಕೊಳ್ಳುವ ಹಿಡಿಕೆಯನ್ನು ಗ್ರೈಂಡರಿನಿಂದ ಎರಡು ಹೋಳು ಮಾಡಿದ್ದರು.

ಅಡ್ವೈಸರ್ ಕಿಟಕಿಯ ಹತ್ತಿರ ಬಂದು ನಿಂತ. "ಬೋಲ್ಟ್ ಬಿಚ್ಚಾಕ ಬರವಲ್ದಾಗಿತ್ರಿ ಮೇಡಂ. ಜಂಗ್ ಹಿಡಿದಿತ್ತು, ಪೂರಾ ತುಕ್ಕು. ಬ್ರೇಕ್ ಕೆಲಸಾ ಮಾಡಾಕ ಅದನ್ನ ಕಟ್ ಮಾಡಬೇಕಾತು."

"ನನಗ ಫೋನ್ ಮಾಡ್ರಿ ಅಂತ ಹೇಳಿದ್ನಿ."

"ಒಳಗ ಮೆಕ್ಯಾನಿಕ್ ಹುಡುಗರಿಗೆ ಗೊತ್ತಾಗಿಲ್ರಿ. ಮತ್ತ ಅದು ಕಂಪನಿ ಪಾರ್ಟ್ ಅಲ್ಲಲ್ರಿ, ಹೊರಗಿಂದು. ಗಾಡಿ ಮಾತ್ರ ಫಸ್ಟ್ ಕ್ಲಾಸ್ ರೆಡಿ ಅದರಿ, ಒಯ್ಬಹುದು."

"ಹೆಂಗ ಒಯ್ಲಿ?"

ಅವನಿಗೆ ಆಗಷ್ಟೇ ಅದು ಹೊಳೆದಂತಿತ್ತು. ನನ್ನ ಕಾಲು ನೋಡಿದ, ತಕ್ಷಣ ಬೇರೆ ಕಡೆ ನೋಡಿದ. "ಯಾರರೆ ಡ್ರೈವರನ್ನ ಕರಕೊಂಡು ಬರ್ರಿ ಮೇಡಂ" ಅಂದ.

ಗಾಡಿಯಿಂದ ಇಳಿದೆ. ಇಳಿಯಲು ಯಾವಾಗಲೂ ಬೇಕಾಗುವುದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ಇದನ್ನು ಇದ್ದಂತೆ ಮಾಡಿ ಕೊಡುವವರೆಗೆ ಗಾಡಿ ಇಲ್ಲೇ ಇರಲಿ ಅಂದು, ರಿಕ್ಷಾ ಹಿಡಿದು ಮನೆಗೆ ಬಂದೆ. ಬಂದವಳೇ ಬೆಳಗಾವಿಗೆ ಫೋನು ಹಚ್ಚಿದೆ. ಮಿಸ್ತ್ರಿಯ ಸೊಸೆ ಎತ್ತಿದಳು. "ಮಾವನಾರು ಹೋಗಿ ಎಂಟು ತಿಂಗಳಾತ್ರಿ. ಸಾಮಾನೆಲ್ಲಾ ಮಾರಿಬಿಟ್ಟೇವಿ" ಅಂದಳು. ಸಮಾಧಾನದ ನಾಲ್ಕು ಮಾತು ಆಡಬೇಕಿತ್ತು. "ಹೌದೇನ್ರಿ" ಅಂದು ಫೋನು ಇಟ್ಟೆ. ಸತ್ತವನ ಬಗ್ಗೆ ದುಃಖಪಡುವ ಮೊದಲು ನನ್ನ ರಾಡಿನ ಚಿಂತೆ ಬಂದದ್ದಕ್ಕೆ ನನಗೇ ನಾಚಿಕೆಯಾಯಿತು.

ಆಮೇಲಿನ ದಿನಗಳು ಒಂದೇ ಥರದವು. ಮುಂಜಾನೆ ಬಸ್ಸು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಸರ್ವಿಸ್ ಸೆಂಟರಿಗೆ ಫೋನು, ಸಂಜೆ ಬಸ್ಸು. ಕಂಪನಿಗೆ ಮೇಲ್ ಹಾಕೇವ್ರಿ ಅನ್ನುತ್ತಿದ್ದರು. ಉತ್ತರ ಬರಬೇಕ್ರಿ ಅನ್ನುತ್ತಿದ್ದರು. ಒಮ್ಮೊಮ್ಮೆ ಹಾಡು ಕೇಳಿಸಿ ಫೋನು ಕಟ್ಟಾಗುತ್ತಿತ್ತು. ಇಂಥ ರಾಡು ಮಾಡುವವರು ಬೇರೆ ಎಲ್ಲಿದ್ದಾರೆ ಎಂದು ನಾನೂ ಹುಡುಕಿದೆ. ಪುಣೆಯವನೊಬ್ಬ ಗಾಡಿಯನ್ನು ಅಲ್ಲಿಗೇ ತರಬೇಕು ಅಂದ. ಹೊಡೆಯಲಾಗದ ಗಾಡಿಯನ್ನು ಪುಣೆಯವರೆಗೆ ಯಾರ ಕೈಯಲ್ಲಿ ಕಳಿಸಲಿ? ಹತ್ತನೆಯ ತರಗತಿಗೆ ಮುಂಜಾನೆ ಎಂಟಕ್ಕೆ ವಿಶೇಷ ಕ್ಲಾಸು ಇಟ್ಟುಕೊಂಡಿದ್ದೆ. ಅದು ನಿಂತಿತು. ಮುಖ್ಯಾಧ್ಯಾಪಕರು ಮೊದಲ ವಾರ "ಇರ್ಲಿ ಬಿಡ್ರಿ" ಅಂದರು. ಎರಡನೆಯ ವಾರ ಏನೂ ಅನ್ನಲಿಲ್ಲ. ಮೂರನೆಯ ವಾರ ನಾನು ಹಾಜರಿ ಹಾಕುವಾಗ ಗೋಡೆಯ ಗಡಿಯಾರ ನೋಡಿದರು.

ಆ ವಾರವೇ ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದೆ. ಮಳೆ ಬಿದ್ದು ಮೆಟ್ಟಿಲು ಒದ್ದೆಯಾಗಿತ್ತು, ಊರುಗೋಲು ಜಾರಿತು. ಗದ್ದ ಮತ್ತು ಎರಡೂ ಅಂಗೈ ತರಚಿದವು. ಪೇರಲಹಣ್ಣು ಮಾರುವ ಇಬ್ಬರು ಹೆಂಗಸರು ಬಗಲಿಗೆ ಕೈ ಹಾಕಿ ಎಬ್ಬಿಸಿದರು. ಕ್ಯಾಲಿಪರಿನ ಮೊಣಕಾಲ ಕೀಲು ಬಾಗಿತ್ತು. ಅದು ರಿಪೇರಿಯಾಗಿ ಬರುವವರೆಗೆ ಎರಡು ದಿನ ಮನೆಯಲ್ಲೇ ಕೂತೆ.

ಎರಡನೆಯ ದಿನ ಮಧ್ಯಾಹ್ನ ವೈನಿ ರೊಟ್ಟಿ, ಕಾಳುಪಲ್ಯ ತಂದಿಟ್ಟು ಎದುರಿಗೆ ಕೂತಳು.

"ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ. ಸಾಲಿ ಬಿಟ್ಟಬಿಡವಾ. ಎಷ್ಟ್ ದಿನಾ ಅಂತ ಹಿಂಗ ಒದ್ದ್ಯಾಡ್ತಿ? ನಾವಿದ್ದೇವಿ, ನಿನ್ನೇನ ಕೈ ಬಿಡ್ತೇವೇನು?"

ಅವಳು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ನನಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಬಾರದ್ದು ಕಂಡೇ ಹೆದರಿಕೆಯಾಯಿತು. ಯಾಕೆಂದರೆ ಅವತ್ತು ಮುಂಜಾನೆಯೇ ಸ್ವಯಂ ನಿವೃತ್ತಿಯ ಅರ್ಜಿ ಬರೆದು ಮಡಚಿ ನನ್ನ ಚೀಲದಲ್ಲಿಟ್ಟಿದ್ದೆ. ನಲವತ್ತಾರನೆಯ ವಯಸ್ಸಿನಲ್ಲಿ ನಾನು ಮತ್ತೆ ಕೆಳಗಿನ ಅಂತಸ್ತಿನ ಕಿಟಕಿಯಲ್ಲಿ ಕೂತು, ಅಣ್ಣನ ಸ್ಕೂಟರಿನ ಸಪ್ಪಳ ಕೇಳುವವಳಾಗುತ್ತೇನೆ ಅನ್ನಿಸಿತು. ರೊಟ್ಟಿ ಮುರಿದೆ. ಮುರಿದ ತುಂಡನ್ನು ತಟ್ಟೆಯಲ್ಲೇ ಇಟ್ಟೆ.

ತಿಂಗಳು ತುಂಬಿದ ಮೇಲೆ ಒಂದು ಸಂಜೆ, ಧಾರವಾಡದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಡ್ವೈಸರ್ ಕಡೆಯಿಂದ ಮೆಸೇಜು ಬಂತು. ಕಂಪನಿಯಿಂದ ಫೋನು ಬರುತ್ತದೆ, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿರಿ ಅಂತ. ಎಲ್ಲರಿಗೂ ಕಳಿಸುವ ಮೆಸೇಜು ಅದು, ಕೊನೆಯಲ್ಲಿ ಕೈಮುಗಿದ ಚಿತ್ರ. ಐದು ನಿಮಿಷದಲ್ಲಿ ಫೋನು ಬಂದೇ ಬಂತು. ಹೆಣ್ಣುದನಿ, ಬೆಂಗಳೂರಿನ ಕಡೆಯ ಮಾತು.

"ಮೇಡಂ, ನಿಮ್ಮ ವಾಹನದ ಸರ್ವಿಸ್ ಮುಗಿದು ಡೆಲಿವರಿ ಆಗಿದೆ. ನಮ್ಮ ಸೇವೆಗೆ ಒಂದರಿಂದ ಹತ್ತರೊಳಗೆ ಎಷ್ಟು ಅಂಕ ಕೊಡ್ತೀರಾ?"

"ಡೆಲಿವರಿ ಆಗಿಲ್ರಿ. ಗಾಡಿ ಅವರ ಹತ್ರನ ಐತಿ."

"ಇಲ್ಲಿ ಡೆಲಿವರಿ ಅಂತ ತೋರಿಸ್ತಿದೆ ಮೇಡಂ."

"ನಾ ಬಸ್‌ಸ್ಟ್ಯಾಂಡಿನ್ಯಾಗ ನಿಂತೇನಿ. ಸೊನ್ನಿ ಬರಕೊಳ್ರಿ."

"ಸೊನ್ನೆ ಇಲ್ಲ ಮೇಡಂ, ಒಂದರಿಂದ ಶುರು" ಅಂದಳು ಆಕೆ.

"ಹಂಗಾದ್ರ ಒಂದು."

ಅರ್ಧ ತಾಸಿನಲ್ಲಿ ಅಡ್ವೈಸರ್ ಫೋನು ಮಾಡಿದ. "ಯಾಕ್ರಿ ಮೇಡಂ ಹಿಂಗ ಮಾಡಿದ್ರಿ? ತಿಂಗಳ ಕೊನಿ ಇತ್ರಿ, ಅದಕ್ಕ ಗಾಡಿ ಕೊಟ್ಟೇವಿ ಅಂತ ಸಿಸ್ಟಮ್‌ನ್ಯಾಗ ಕ್ಲೋಸ್ ಮಾಡಿದ್ವಿ. ಎಲ್ಲಾ ನನ್ನ ಮ್ಯಾಲೆ ಬರ್ತದರಿ."

"ನನ್ನ ಮ್ಯಾಲೆ ಏನೇನ್ ಬಂದೈತಿ ಗೊತ್ತೈತೇನ್ರಿ ನಿಮಗ?"

ನಾನೇ ಕಟ್ ಮಾಡಿದೆ.

ಮರುದಿನ ರಜೆ ಹಾಕಿ, ಸರ್ವಿಸ್ ಸೆಂಟರಿನ ಗಿರಾಕಿಗಳ ಕೋಣೆಯಲ್ಲಿ ಹೋಗಿ ಕೂತೆ. ಸೋಫಾ, ಕಾಫಿ ಯಂತ್ರ, ಟಿವಿಯಲ್ಲಿ ಅಡುಗೆಯ ಕಾರ್ಯಕ್ರಮ. ಗಾಡಿ ಆಗುವವರೆಗೆ ಏಳುವುದಿಲ್ಲ ಎಂದು ಹೇಳಿ ಕಳಿಸಿದೆ. ಬಹಳ ಹೊತ್ತಿನ ಮೇಲೆ ಮ್ಯಾನೇಜರ್ ಬಂದರು, ನಿಂತೇ ಮಾತಾಡಿದರು. ಹೊರಗಿನ ಫಿಟ್ಟಿಂಗಿಗೆ ನಾವು ಜವಾಬ್ದಾರರಲ್ಲ, ಹಂಗ ನೋಡಿದ್ರ ವಾರಂಟಿನೂ ಹೋಗ್ತದ, ಆದ್ರೂ ಮಾನವೀಯತೆ ಮ್ಯಾಲೆ ಏನರೆ ನೋಡೂಣು ಅಂದರು.

ಕೊಡಬೇಕಾದ ಉತ್ತರವನ್ನೆಲ್ಲ ಚಿಗರಿ ಬಸ್ಸಿನಲ್ಲಿ ಬರುವಾಗ ಒಂದೊಂದಾಗಿ ಜೋಡಿಸಿಕೊಂಡಿದ್ದೆ. ಬಾಯಿ ತೆರೆದರೆ ಒಂದೂ ಬರಲಿಲ್ಲ. ಅಳು ಬಂತು. ಜನರೆದುರು ಅತ್ತವಳಲ್ಲ ನಾನು. ಚಿಕ್ಕಂದಿನಿಂದ ಜನ ಅಯ್ಯೋ ಪಾಪ ಅನ್ನುವುದನ್ನು ಕೇಳಿ ಕೇಳಿ, ಅಳದಿರುವುದನ್ನು ಒಂದು ವ್ರತದಂತೆ ಹಿಡಿದವಳು. ಅವತ್ತು ಆರೇಳು ಅಪರಿಚಿತರ ಮುಂದೆ, ಬಾಯಿ ಮುಚ್ಚಿಕೊಳ್ಳಲೂ ಆಗದಂತೆ ಅತ್ತೆ. "ನನಗ ಏನೂ ಬ್ಯಾಡ್ರಿ, ನನ್ನ ರಾಡು ಕೊಡ್ರಿ" ಅಂತ ಮತ್ತೆ ಮತ್ತೆ ಅಂದೆ.

ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ ಒಬ್ಬ ಹಿರಿಯರು ಎದ್ದು ಹೋಗಿ ಟಿವಿ ಬಂದ್ ಮಾಡಿದರು. ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟು, ಪಕ್ಕದಲ್ಲೇ ಕೂತರು. ಮ್ಯಾನೇಜರ್ ಕಡೆ ನೋಡಿ, "ಕೂಡ್ರಿ, ಕೂತು ಮಾತಾಡ್ರಿ" ಅಂದರು. ಮ್ಯಾನೇಜರ್ ಕೂತರು. ಅಷ್ಟರಲ್ಲಿ ಆ ಹಿರಿಯರ ಗಾಡಿ ಆಯಿತೆಂದು ಕರೆ ಬಂತು. ಅವರು ಎದ್ದು, "ನಂದು ಆತವಾ ತಂಗಿ" ಅಂದು ತಪ್ಪು ಮಾಡಿದವರಂತೆ ಹೊರಗೆ ಹೋದರು.

ಮ್ಯಾನೇಜರ್ ಅಡ್ವೈಸರನ್ನು ಒಳಗೆ ಕರೆಸಿದರು. ಬಾಗಿಲು ಹಾಕಿಕೊಂಡಿತು. ಹೊರಗೆ ಬಂದಾಗ ಅವನ ಕಿವಿ ಕೆಂಪಗಿತ್ತು. ಕಂಪನಿ, ಮೇಲ್ ಎಂಬ ಮಾತನ್ನೇ ಎತ್ತದೆ, "ಬರ್ರಿ ಮೇಡಂ, ಒಂದ್ ಕಡೆ ಹೋಗಿ ಬರೂಣು" ಅಂದ. ರಾಡಿನ ತುಂಡುಗಳಿದ್ದ ಚೀಲ ತೆಗೆದುಕೊಂಡು, ನನ್ನ ಗಾಡಿಯನ್ನು ತಾನೇ ಹೊಡೆದುಕೊಂಡು, ಗೋಕುಲ ರಸ್ತೆಯ ಕಾರ್ಖಾನೆಗಳ ನಡುವಿನ, ಕಬ್ಬಿಣದ ಭಾಗ ಕಡೆದುಕೊಡುವ ಒಂದು ಲೇಥ್ ಅಂಗಡಿಗೆ ಕರೆದೊಯ್ದ.

ಲೇಥಿನ ಕಾಕಾ ತುಂಡುಗಳನ್ನು ಬೆಂಚಿನ ಮೇಲೆ ಜೋಡಿಸಿಟ್ಟು ಬಹಳ ಹೊತ್ತು ನೋಡಿದ. ನನ್ನ ಫೋನಿನಲ್ಲಿದ್ದ ಹಳೆಯ ಫೋಟೋ ನೋಡಿದ. "ಮಾಡಿದಂವಾ ಶಾಣ್ಯಾ ಇದ್ದ" ಅಂದ. ನನ್ನನ್ನು ಸೀಟಿನಲ್ಲಿ ಕೂರಿಸಿ, ಹೆಗಲಿನಿಂದ ಅಂಗೈವರೆಗೆ ದಾರ ಹಿಡಿದು ಅಳೆದುಕೊಂಡ. ಮೊದಲು ಮಾಡಿದ ರಾಡು ನನ್ನ ಕ್ಯಾಲಿಪರಿಗೆ ಸಿಕ್ಕಿಬೀಳುತ್ತಿತ್ತು. ಅದನ್ನು ತೆಗೆದು ಎರಡನೆಯದು ಮಾಡಿದ. ಎಲ್ಲಾ ಸೇರಿ ಎಂಟು ದಿನ ಹಿಡಿಯಿತು. ಅಷ್ಟೂ ದಿನ ಅಡ್ವೈಸರ್ ತನ್ನ ಊಟದ ಬಿಡುವಿನಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದ ಎಂದು ಕಾಕಾ ಹೇಳಿದ.

ನಲವತ್ತೊಂದನೆಯ ದಿನ ಸರ್ವಿಸ್ ಸೆಂಟರಿನ ಹಿಂದಿನ ಬಯಲಿನಲ್ಲಿ ಗಾಡಿ ಹೊಡೆದು ನೋಡಿದೆ. ಅಡ್ವೈಸರ್ ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡಿದ್ದ. ಹೊಸ ರಾಡು ಬಿಗಿಯಾಗಿತ್ತು. ಮೊದಲ ಸುತ್ತಿನಲ್ಲೇ ಗಾಡಿ ಜಿಗಿದು ಕಂಪೌಂಡಿನ ಗೋಡೆಯ ಹತ್ತಿರ ಹೋಯಿತು. ರಾಡು ದೂಡಿ ನಿಲ್ಲಿಸಿದೆ. ಆರು ವರ್ಷ ಹೊಡೆದ ಗಾಡಿ ನನಗೆ ಬರುವುದಿಲ್ಲವೇನೋ ಅನ್ನಿಸಿತು.

"ಇನ್ನೊಮ್ಮಿ ಮಾಡ್ರಿ ಮೇಡಂ" ಅಂದ ಅವನು. "ಗಡಿಬಿಡಿ ಏನಿಲ್ರಿ."

ಹನ್ನೊಂದು ಸುತ್ತು ಹಾಕಿದೆ. ಆಮೇಲೆ ಅವನು ಇಳಿದು ಗೇಟು ತೆಗೆದ.

ಈಗ ಶಾಲೆಗೆ ಹೋಗಿ ಬರುತ್ತೇನೆ. ರಾಡು ಇನ್ನೂ ಬಿಗಿ, ದಾರಿಯ ನವನಗರ ದಾಟುವ ಹೊತ್ತಿಗೆ ಮುಂಗೈ ನೋಯತೊಡಗುತ್ತದೆ. ಚೀಲದಲ್ಲಿದ್ದ ಅರ್ಜಿಯನ್ನು ಹರಿಯಲಿಲ್ಲ, ಕಪಾಟಿನಲ್ಲಿಟ್ಟಿದ್ದೇನೆ. ಒಂದು ಸಲ ಕಳಚಿಕೊಂಡದ್ದು ಇನ್ನೊಂದು ಸಲ ಕಳಚಿಕೊಳ್ಳಲಾರದು ಎಂಬ ಧೈರ್ಯ ನನ್ನಲ್ಲಿ ಉಳಿದಿಲ್ಲ.

ಮೂರು ತಿಂಗಳ ಮೇಲೆ ಆಯಿಲ್ ಬದಲಿಸಲು ಹೋದಾಗ ಅಡ್ವೈಸರನ ಮೇಜಿನಲ್ಲಿ ಬೇರೆಯವನಿದ್ದ. ಮೊದಲಿನವರು ಎಲ್ಲಿ ಅಂತ ಕೇಳಿದೆ. "ಅವ್ರು ಬಿಟ್ರಲ್ರಿ" ಅಂದ. ಮನೆಗೆ ಬಂದು ಅವನ ನಂಬರಿಗೆ ಫೋನು ಮಾಡಿದೆ. ಹಿಂದೆ ಬೈಕುಗಳ ಸಪ್ಪಳ ಕೇಳುತ್ತಿತ್ತು. ಈಗ ಒಂದು ಬೈಕ್ ಶೋರೂಮಿನಲ್ಲಿದ್ದಾನಂತೆ.

"ಗಾಡಿ ಹೆಂಗೈತ್ರಿ ಮೇಡಂ?"

"ಛಲೋ ಐತ್ರಿ."

ನಾನು ಕೊಟ್ಟ ಆ ಒಂದು ಅಂಕದಿಂದ ಅವನ ನೌಕರಿ ಹೋಯಿತೇ ಎಂದು ಕೇಳಲೆಂದೇ ಫೋನು ಮಾಡಿದ್ದೆ. ಕೇಳಲಾಗಲಿಲ್ಲ. ಅವನೇ, ರಾಡಿನ ಬೋಲ್ಟಿಗೆ ತಿಂಗಳಿಗೊಮ್ಮೆ ಗ್ರೀಸ್ ಹಚ್ಚಿಸಿರಿ, ಇಲ್ಲದಿದ್ದರೆ ಮತ್ತೆ ಜಂಗ್ ಹಿಡಿಯುತ್ತದೆ ಅಂದ. ಆಗಲಿ ಅಂದೆ. ಯಾರೋ ಗಿರಾಕಿ ಕರೆದದ್ದು ಕೇಳಿಸಿತು. "ಬಂದೆ ಸರ್" ಅಂದು ಅವನು ಫೋನಿಟ್ಟ.