ಬೇಕರಿಯವರು ಅಚ್ಚು ಮಾಡಿಸಿದ ಮುಖ

ಕಳೆದ ತಿಂಗಳು ಫ್ರೀಮಾಂಟಿನಲ್ಲಿ ಮನೆಯ ಹಳೆ ಸಾಮಾನು ಮಾರುವ ಒಂದು ಗರಾಜ್ ಸೇಲಿಗೆ ಹೋದಾಗ ಮೊಮ್ಮಗಳು ಹಳೆಯ ಶೂ ಡಬ್ಬಿಯೊಂದರ ಮುಚ್ಚಳ ತೆಗೆದಳು. ಒಳಗೆ ಬೇಸ್‌ಬಾಲ್ ಆಟಗಾರರ ಚಿತ್ರವಿದ್ದ ಕಾರ್ಡುಗಳು. ಹಿಂದೆ ಇವು ಬಬಲ್ ಗಮ್ಮಿನೊಂದಿಗೆ ಒಂದೇ ಪೊಟ್ಟಣದಲ್ಲಿ ಬರುತ್ತಿದ್ದವು. ಗಮ್ಮು ಹೋಗಿ ಎಷ್ಟೋ ವರ್ಷಗಳಾದರೂ ಅದರ ಸಿಹಿ ವಾಸನೆ ರಟ್ಟನ್ನು ಬಿಟ್ಟಿರಲಿಲ್ಲ. “ಯಕ್, ಅಜ್ಜಿ, ಸ್ಮೆಲ್ಸ್ ಓಲ್ಡ್!” ಎಂದು ಅವಳು ಮೂಗು ಮುಚ್ಚಿಕೊಂಡಳು. ನಾನು ಅಲ್ಲಿಂದ ಕದಲಲಾರದೆ ನಿಂತೆ. ಅದು ಪೋಸ್ಟ್ ತಾತನ ಮನೆಯ ವಾಸನೆ...

ಎಂಬತ್ತರ ದಶಕದ ಮಧ್ಯದಲ್ಲಿ ನಾವು ಮಿಲ್ಪಿಟಾಸಿನ ಅಪಾರ್ಟ್‌ಮೆಂಟೊಂದರಲ್ಲಿ ಇದ್ದೆವು. ಫ್ರೀವೇ ಹೆದ್ದಾರಿಗೆ ತಾಗಿಕೊಂಡಿದ್ದ ಹಿಂಬದಿಯ ಕಟ್ಟಡ ನಮ್ಮದು. ಮುಂದಿನ ಕಟ್ಟಡದಲ್ಲಿ ಮನೆಗಳು ಖಾಲಿ ಇದ್ದರೂ ಕಪ್ಪು ಜನರನ್ನು, ಮೆಕ್ಸಿಕೋದವರನ್ನು, ನಮ್ಮಂಥವರನ್ನು ಮ್ಯಾನೇಜರ್ ಹಿಂದಿನ ಕಟ್ಟಡಕ್ಕೇ ಕಳಿಸುತ್ತಿದ್ದ. ಅದು ಅನ್ಯಾಯವಾಗಿತ್ತು, ಅಂದೂ ಹಾಗೆಂದೆ, ಇಂದೂ ಹಾಗೆನ್ನುತ್ತೇನೆ. ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿದ್ದರು. ದಕ್ಷಿಣದ ರಾಜ್ಯವೊಂದರಿಂದ ಬಂದ ಕಪ್ಪು ಜನಾಂಗದ ಹಿರಿಯರು. ಮನೆಯಲ್ಲಿ ನಾವು ಅವರನ್ನು ಪೋಸ್ಟ್ ತಾತ ಎನ್ನುತ್ತಿದ್ದೆವು. ಕನ್ನಡದವರ ಊಟದ ಕೂಟದಲ್ಲಿ ಒಬ್ಬಾಕೆ ನನ್ನ ಕಿವಿಯಲ್ಲಿ, “ಏನ್ರೀ, ಆ ಮನೆಗೆಲ್ಲಾ ಹೋಗ್ತೀರಂತೆ? ಹುಷಾರು ಕಣ್ರೀ” ಎಂದಿದ್ದರು. ಮೈಸೂರಿನ ನಮ್ಮ ಹಿತ್ತಿಲ ಬಾಗಿಲಲ್ಲಿ ಕೆಲಸದವರಿಗೆಂದು ಬೇರೆ ಲೋಟ ಇಡುತ್ತಿದ್ದ ಜನ ನಾವು; ಆ ಲೋಟವನ್ನು ವಿಮಾನದಲ್ಲಿ ಜೊತೆಗೇ ತಂದಿದ್ದೇವೆ ಎಂದು ಅವರಿಗೆ ಉತ್ತರ ಕೊಟ್ಟೆ. ಆಮೇಲೆ ಅವರು ನಮ್ಮನ್ನು ಕರೆಯಲಿಲ್ಲ.

ತಾತನ ಮನೆಯ ಒಂದು ಗೋಡೆ ಪೂರ್ತಿ ಕಾರ್ಡುಗಳ ಡಬ್ಬಿಗಳಿದ್ದವು. ವ್ಯಾಪಾರಿಗಳು ಬಂದು ಅವನ್ನು ನೋಡಿ ನಾಲಿಗೆ ಚಪ್ಪರಿಸಿ ಹೋಗುತ್ತಿದ್ದರು. ಆದರೆ ತಾತನ ಪ್ರಾಣವಿದ್ದದ್ದು ಚುರುಟಿನ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟ ಒಂದೇ ಒಂದು ಕಾರ್ಡಿನಲ್ಲಿ. ಅದರ ಮೇಲೆ ಅವರ ಅಣ್ಣ, ಚೆಂಡೆಸೆಯಲು ತೋಳೆತ್ತಿ ನಿಂತಿದ್ದ. ಕಪ್ಪು ಆಟಗಾರರಿಗೆ ಬಿಳಿಯರ ತಂಡಗಳಲ್ಲಿ ಜಾಗವಿಲ್ಲದ ಕಾಲ ಅದು. ಅವರದೇ ಬೇರೆ ತಂಡಗಳು, ಬೇರೆ ಪಂದ್ಯಗಳು. ಗಮ್ಮಿನ ಕಂಪನಿಗಳು ಅವರ ಚಿತ್ರ ಅಚ್ಚು ಹಾಕುತ್ತಿರಲಿಲ್ಲ. ಊರಿನ ಬೇಕರಿಯವರೊಬ್ಬರು ತಮ್ಮ ಜಾಹೀರಾತಿಗೆಂದು ಒಂದಿಷ್ಟು ಮಾಡಿಸಿದ್ದರು, ಉಳಿದದ್ದು ಇದೊಂದೇ. ಹೋಟೆಲಿನವರು ಕೋಣೆ ಕೊಡದೆ ಇಡೀ ತಂಡ ಮಳೆಯಲ್ಲಿ ಹೊಲದ ಬದಿ ರಾತ್ರಿ ಕಳೆಯಬೇಕಾಗಿ ಬಂದು, ಅಲ್ಲಿ ಹತ್ತಿದ ಜ್ವರ ಎದೆಗಿಳಿದು, ಆ ಅಣ್ಣ ಇಪ್ಪತ್ತಾರನೆಯ ವಯಸ್ಸಿಗೇ ತೀರಿಕೊಂಡಿದ್ದ. ಅವನು ಆಡಿದ ಪಂದ್ಯಗಳ ಲೆಕ್ಕವನ್ನು ಯಾವ ಪತ್ರಿಕೆಯೂ ಬರೆದಿಟ್ಟಿರಲಿಲ್ಲ.

ತಾತನಿಗೆ ಆ ಕಾರ್ಡನ್ನು ಮಾರುವುದು ಬೇಕಿರಲಿಲ್ಲ. ಬೇಕಿದ್ದದ್ದು ಒಂದೇ ಒಂದು ಸಾಲು. ಸಂಗ್ರಾಹಕರಿಗೆಂದು ಪ್ರತಿವರ್ಷ ಒಂದು ದಪ್ಪ ಪುಸ್ತಕ ಬರುತ್ತಿತ್ತು. ಇದುವರೆಗೆ ಅಚ್ಚಾದ ಕಾರ್ಡುಗಳೆಲ್ಲ ಆಟಗಾರನ ಹೆಸರು, ತಂಡದ ಹೆಸರಿನ ಸಮೇತ ಅದರಲ್ಲಿ ದಾಖಲಾಗುತ್ತಿದ್ದವು. ಅಲ್ಲಿ ಅಣ್ಣನ ಹೆಸರು ಬರಬೇಕು. ಮೂರು ವರ್ಷ ಪತ್ರ ಬರೆದ ಮೇಲೆ ಸಂಪಾದಕರು ಒಪ್ಪಿದ್ದರು: ಸ್ಯಾನ್ ಹೋಸೆಯ ಹೋಟೆಲೊಂದರಲ್ಲಿ ನಡೆಯುವ ಕಾರ್ಡು ಮೇಳಕ್ಕೆ ಬರುತ್ತೇನೆ, ಮೂಲ ಕಾರ್ಡನ್ನು ಕಣ್ಣಾರೆ ನೋಡಿ ಸೇರಿಸುತ್ತೇನೆ.

ಮೇಳಕ್ಕೆ ಎರಡು ವಾರವಿದ್ದಾಗ ತಾತನ ಕಣ್ಣಿನ ಪೊರೆಯ ಆಪರೇಷನ್ ಬಂತು. ಅದೇ ವಾರ ಮ್ಯಾನೇಜರನ ಆಳುಗಳು ಸೋರುವ ಪೈಪು ಸರಿಮಾಡಲು ಅವರ ಮನೆಯ ಗೋಡೆ ಒಡೆಯುವವರಿದ್ದರು. “ಅವನನ್ನು ನಿನ್ನ ಹತ್ತಿರ ಇಟ್ಟುಕೋ ತಾಯಿ, ನಾಲ್ಕು ದಿನ” ಎಂದು ಚುರುಟಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಕಾರ್ಡು ಎನ್ನುತ್ತಿರಲಿಲ್ಲ, ಅವನು ಎಂದೇ ಅನ್ನುತ್ತಿದ್ದರು.

ತೆಗೆದು ನೋಡಿದೆ. ಅಂಚುಗಳು ಪದರ ಬಿಡುತ್ತಿದ್ದವು. ಒಂದು ಮೂಲೆ ಮುಟ್ಟಿದರೆ ಪುಡಿಯಾಗುವಂತಿತ್ತು. ನಾನು ಬೆಳೆದ ಮನೆಯಲ್ಲಿ ಬೆಲೆಯುಳ್ಳ ಕಾಗದವೆಂದರೆ ಲ್ಯಾಮಿನೇಷನ್ ಆಗಲೇಬೇಕು: ಅಪ್ಪನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ದೇವರ ಪಟ, ನನ್ನ ಡಿಗ್ರಿ. ಕಂಪ್ಯೂಟರ್ ಚಿಪ್ ಕಾರ್ಖಾನೆಗಳ ರಾಸಾಯನಿಕ ಕುಡಿಯುವ ನೀರಿಗೆ ಇಳಿಯುತ್ತಿದ್ದುದರ ವಿರುದ್ಧ ನಾವು ಚಳವಳಿ ನಡೆಸುತ್ತಿದ್ದ ಕಾಲ ಅದು. ಭಿತ್ತಿಪತ್ರಗಳು ನೆನೆಯಬಾರದೆಂದು ಚಳವಳಿಯ ಕಚೇರಿಯಲ್ಲೊಂದು ಲ್ಯಾಮಿನೇಷನ್ ಯಂತ್ರವಿತ್ತು. ಕಾರ್ಡನ್ನು ಅದರೊಳಗೆ ಕಳಿಸಿದೆ. ಬಿಸಿಯಾಗಿ, ಹೊಳೆಯುತ್ತಾ ಹೊರಬಂತು. ಭುಜದ ಬಳಿ ಒಂದು ಗಾಳಿಗುಳ್ಳೆ ಮಾತ್ರ ಸಿಕ್ಕಿಕೊಂಡಿತ್ತು.

ಮನೆಯಲ್ಲಿ ತೋರಿಸಿದಾಗ ನನ್ನ ಗಂಡ ನಕ್ಕರು. “ಬಿಟ್ರೆ ನೀನು ಚಪಾತೀನೂ ಲ್ಯಾಮಿನೇಟ್ ಮಾಡಿಸ್ತೀಯ ಕಣೇ. ಅವರನ್ನ ಒಂದ್ಮಾತು ಕೇಳ್ದ್ಯಾ?”

ಕೇಳಿರಲಿಲ್ಲ. ಒಳ್ಳೆಯದನ್ನು ಮಾಡಲು ಕೇಳಬೇಕೇ ಎಂದುಕೊಂಡಿದ್ದೆ.

ತಾತ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮರಳಿದರು. ನಾನು ಹೆಮ್ಮೆಯಿಂದಲೇ ಡಬ್ಬಿ ಕೊಟ್ಟೆ. ಅವರ ಹೆಬ್ಬೆರಳು ಪ್ಲಾಸ್ಟಿಕ್ಕಿನ ಮೇಲೆ ಸುತ್ತಲೂ ಸರಿಯಿತು, ಅಂಚನ್ನು ಹುಡುಕುತ್ತಾ... ಎಷ್ಟು ಹೊತ್ತು ಹುಡುಕಿದರೋ. ಕೊನೆಗೆ, “ಹೊಳೀತಾ ಇದ್ದಾನೆ” ಎಂದರು. ಮೂವತ್ತು ವರ್ಷ ಕಾರ್ಡು ಕೂಡಿಸಿದವರಿಗೆ ಆ ಕ್ಷಣವೇ ಎಲ್ಲ ತಿಳಿದಿತ್ತೆಂದು ನನಗೆ ಈಗ ಗೊತ್ತು. ಆದರೂ ಮೇಳದ ದಿನ ಕೋಟು ಹಾಕಿಕೊಂಡು, ಟೈ ಕಟ್ಟಿಕೊಂಡು, ನನ್ನ ಕಾರಿನಲ್ಲಿ ಬಂದು ಕುಳಿತರು.

ಸಂಪಾದಕ ತರುಣ, ಸಭ್ಯ. ಭೂತಗನ್ನಡಿ ಹಿಡಿದವನು ಕೂಡಲೇ ಕೆಳಗಿಟ್ಟ. “ರಟ್ಟನ್ನ ಮುಟ್ಟಿ ನೋಡ್ಬೇಕು ಸರ್. ಇದರೊಳಗಿರೋದು ಆ ಕಾಲದ ಅಚ್ಚೋ, ಈಗಿನ ನಕಲೋ, ಹೇಗೆ ಹೇಳಲಿ? ಬಿಚ್ಚಿದ್ರೆ ಮುಖಾನೇ ಕಿತ್ತು ಬರುತ್ತೆ.” ಕಾರ್ಡನ್ನು ತಿರುಗಿಸಿ ನೋಡಿ ಕೇಳಿದ: “ಯಾರು ಮಾಡಿದ್ದು ಇದನ್ನ?”

“ನಾನೇ” ಎಂದರು ತಾತ. “ಮುದುಕನ ಬುದ್ಧಿ.”

ಸುತ್ತ ನಿಂತವರಲ್ಲಿ ಇಬ್ಬರು ನಕ್ಕರು. ನಗರಸಭೆಯ ಮುಂದೆ, ಕಾರ್ಖಾನೆಯ ಗೇಟಿನ ಮುಂದೆ, ನನ್ನವರೇ ಆದ ಕನ್ನಡದವರ ಮುಂದೆ ಬಾಯಿ ತೆರೆಯಲು ನಾನು ಎಂದೂ ಹಿಂಜರಿದವಳಲ್ಲ. ಆ ಮೇಜಿನ ಮುಂದೆ ಬಾಯಿ ತೆರೆಯಲಿಲ್ಲ. ನಾನು ಮಾಡಿದ್ದು ಎನ್ನಲಿಲ್ಲ. ಪ್ಲಾಸ್ಟಿಕ್ ಹಾಕುವ ಮುನ್ನ ಈ ಕೈಯಲ್ಲೇ ಹಿಡಿದು ನೋಡಿದ್ದೇನೆ, ಹಳೆಯ ರಟ್ಟೇ ಅದು ಎಂದೂ ಹೇಳಲಿಲ್ಲ. ಹೇಳಿದ್ದರೆ ಆ ಸಾಲು ಪುಸ್ತಕದಲ್ಲಿ ಬರುತ್ತಿತ್ತೋ ಇಲ್ಲವೋ ಅರಿಯೆ. ಆ ನಗು ಮಾತ್ರ ತಾತನ ಪಾಲಿಗೆ ಬರುತ್ತಿರಲಿಲ್ಲ.

ಹಿಂತಿರುಗುವಾಗ ಫ್ರೀವೇಯಲ್ಲಿ ಅವರು ಕೋಟಿನ ಜೇಬನ್ನು ಮೆಲ್ಲಗೆ ತಟ್ಟಿ, “ಹೋಗಲಿ ಬಿಡು ತಾಯಿ. ಇನ್ನು ಇವನಿಗೆ ಮಳೆ ತಾಗೋದಿಲ್ಲ” ಎಂದರು. ಮುನಿಸಿನಿಂದಲೋ, ಕ್ಷಮೆಯಿಂದಲೋ... ಈ ವಯಸ್ಸಿನಲ್ಲೂ ನನಗೆ ತಿಳಿಯದು.

ಮರುವರ್ಷ ನಾನು ಮೈಸೂರಿನಲ್ಲಿದ್ದಾಗ ಅವರು ತೀರಿಕೊಂಡರು. ವಾಪಸು ಬರುವಷ್ಟರಲ್ಲಿ ಮನೆ ಖಾಲಿಯಾಗಿ ಹೊಸ ಬಣ್ಣ ಹಚ್ಚಿದ್ದರು. ಡಬ್ಬಿಗಳನ್ನು ಯಾರೋ ವ್ಯಾಪಾರಿ ಒಯ್ದನಂತೆ. ಚುರುಟಿನ ಡಬ್ಬಿ ಏನಾಯಿತೆಂದು ಕೇಳಿದ್ದಕ್ಕೆ ಮ್ಯಾನೇಜರ್, “ಬೇಡದ್ದನ್ನೆಲ್ಲಾ ಕಸದ ಲಾರಿಗೆ ಹಾಕಿಸ್ದೆ” ಎಂದ.

ಈಗ ಕಪ್ಪು ಆಟಗಾರರ ಆ ತಂಡಗಳಿಗೂ ಇತಿಹಾಸದಲ್ಲಿ ಸ್ಥಾನ ಸಿಗುತ್ತಿದೆ. ಎಷ್ಟೋ ಆಟಗಾರರ ಹೆಸರುಗಳನ್ನು ಹುಡುಕಿ ತೆಗೆದು ಸೇರಿಸಿದ್ದಾರೆ. ತಾತನ ಅಣ್ಣನ ಹೆಸರು ಅಲ್ಲಿಲ್ಲ. ಹೋದ ವರ್ಷ, ಅಂದು ನಡೆದದ್ದನ್ನೆಲ್ಲ ಬರೆದು, ತಪ್ಪು ನನ್ನದೆಂದು ಸಹಿ ಹಾಕಿ ಆ ಪಟ್ಟಿ ಮಾಡುವವರಿಗೆ ಕಳಿಸಿದೆ. ವಿನಯದ ಉತ್ತರ ಬಂತು: ಕಾರ್ಡಿಲ್ಲದೆ ಏನೂ ಮಾಡಲಾಗದು.

ಮಿಲ್ಪಿಟಾಸಿನ ಕಸವೆಲ್ಲ ಕೊಲ್ಲಿಯಂಚಿನ ಗುಡ್ಡಕ್ಕೆ ಹೋಗುತ್ತಿತ್ತು. ಆ ಗುಡ್ಡದ ಮೇಲೆ ಈಗ ಹುಲ್ಲು ಬೆಳೆದಿದೆ. ಬರೀ ರಟ್ಟಾಗಿದ್ದರೆ ಅವನು ಇಷ್ಟರಲ್ಲಿ ಮಣ್ಣಾಗಿ ಹೋಗುತ್ತಿದ್ದ. ನಾನು ಹಾಗಾಗಲು ಬಿಡಲಿಲ್ಲ. ತೋಳೆತ್ತಿಕೊಂಡು ಅಲ್ಲೇ ಎಲ್ಲೋ ಇದ್ದಾನೆ. ಆ ದಾರಿಯಲ್ಲಿ ಹೋಗುವಾಗ ನಾತ ತಾಳಲಾರದೆ ಎಲ್ಲರೂ ಕಾರಿನ ಕಿಟಕಿ ಏರಿಸಿಕೊಳ್ಳುತ್ತಾರೆ. ನಾನು ಏರಿಸುವುದಿಲ್ಲ.