ಅಕ್ಕನ ಬಲಗಡೆಯ ವಸಡು

ಹೊನ್ನಾಳಿಯ ದಂತವೈದ್ಯೆ ಅಕ್ಕನ ಬಾಯಿ ನೋಡಿಯೇ ಆ ಪ್ರಶ್ನೆ ಕೇಳಿದರೋ, ಮೊದಲೇ ಅವಳ ಕೈ ಗಮನಿಸಿದ್ದರೋ, ನನಗೆ ಈಗಲೂ ಖಾತ್ರಿಯಿಲ್ಲ.

ಗೋವಿನಕೋವಿಯಲ್ಲಿರುವ ನನ್ನಕ್ಕನಿಗೆ ಬಲಗಡೆ ಮೇಲಿನ ವಸಡು ಸರಿದು ಕೋರೆಹಲ್ಲು ಉದ್ದವಾಗಿ ಕಾಣುತ್ತಿತ್ತು, ಎಡಗಡೆ ಸರಿಯಾಗಿತ್ತು. ಹಲ್ಲು ಕಿತ್ತುಬಿಡುತ್ತಾರೆಂದು ಹೆದರಿ ಆಸ್ಪತ್ರೆಗೆ ಹೋಗದೆ, ವರ್ಷಗಟ್ಟಲೆ ಸೆರಗು ಅಡ್ಡ ಹಿಡಿದೇ ನಕ್ಕವಳು. ಕೊನೆಗೆ ನಾನೇ ಒತ್ತಾಯಿಸಿ ಕರೆದುಕೊಂಡು ಹೋಗಿದ್ದೆ.

"ನಿಮ್ದು ಎಡಗೈ ಅಲ್ವಾ ಅಕ್ಕಾರೇ?" ಎಂದರು ವೈದ್ಯೆ.

"ಇಲ್ರೀ, ಉಣ್ಣೋದು, ಬರೆಯೋದು ಎಲ್ಲಾ ಬಲಗೈಲೇ." ನಾನೂ ಹೌದೆಂದು ತಲೆಯಾಡಿಸಿದೆ.

"ಹಲ್ಲುಜ್ಜೋದು?"

ಅಕ್ಕ ಸೆರಗು ಮರೆತು ನಕ್ಕಳು. "ಎಡಗೈಲಿ ತುತ್ತು ಎತ್ತಿದ್ರೆ ಅವ್ವ ಕೈಮೇಲೆ ಬಾರಿಸ್ತಿದ್ಲು ರೀ. ಹಿತ್ತಲಾಗೆ ಹಲ್ಲುಜ್ಜೋದನ್ನ ಯಾರು ನೋಡಾಕೆ ಬರ್ತಿದ್ರು?"

ಎಡಗೈಯಲ್ಲಿ ಒತ್ತಿ ಉಜ್ಜುವವರಿಗೆ ಬಲಗಡೆಯ ವಸಡು ಹೆಚ್ಚು ಸವೆಯಬಹುದಂತೆ. ಹಲ್ಲು ಕೀಳಲಿಲ್ಲ. ಬೇರು ಕಾಣುತ್ತಿದ್ದ ಕಡೆ ಹಲ್ಲಿನದೇ ಬಣ್ಣದ ಫಿಲ್ಲಿಂಗ್ ಹಾಕಿ, ಮೆತ್ತನೆಯ ಬ್ರಷ್‌ನಿಂದ ಒತ್ತದೆ ಉಜ್ಜಲು ಹೇಳಿ ಕಳಿಸಿದರು.

ಒಂದೇ ಮನೆಯಲ್ಲಿ ಬೆಳೆದ ನನಗೆ ಇದು ಗೊತ್ತೇ ಇರಲಿಲ್ಲವೋ, ಮರೆತುಹೋಗಿತ್ತೋ? ಮರುದಿನ ಬೆಳಿಗ್ಗೆ ಅಕ್ಕನ ಮನೆಯ ಹಿತ್ತಲ ನಲ್ಲಿಯ ಹತ್ತಿರ ಹೋಗಿ ನೋಡಿದೆ. ಹೊಸ ಬ್ರಷ್ ಅಕ್ಕನ ಎಡಗೈಯಲ್ಲೇ ಇತ್ತು.