ಎಲೆಫಕ್ಕೀರನ ಹನ್ನೊಂದು ವೈರಿಗಳು

ನನ್ನ ತಮ್ಮ ಫಕ್ಕೀರಪ್ಪನಿಗೆ ಹನ್ನೊಂದು ಜನ ವೈರಿಗಳಿದ್ದರು. ಅವರಲ್ಲಿ ಒಬ್ಬನ ಮುಖವನ್ನೂ ಅವನು ಕಂಡಿರಲಿಲ್ಲ. ಊರಲ್ಲಿ ವೈರಿಗಳು ಇರಲಿಲ್ಲವೇ ಅಂದರೆ, ಇರಲಿಲ್ಲ. ಊರವರ ಜತೆ ಜಗಳವಾಡಲು ಅವನಿಗೆ ಪುರುಸೊತ್ತಾದರೂ ಎಲ್ಲಿತ್ತು? ಸವಣೂರಿನ ನಮ್ಮ ವೀಳ್ಯದೆಲೆ ತೋಟದ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಅಂಗೈಯಗಲದ ಒಂದು ಯಂತ್ರವನ್ನು ಅದರ ಜತೆಗೇ ಬಂದ ಕಡ್ಡಿಯಿಂದ ಚುಚ್ಚುತ್ತ, ಕಾಣದ ಜನರನ್ನು ಕತ್ತೆ, ಕೋಣ ಎಂದು ಬೈಯುತ್ತಿದ್ದ. ನಾನು ಅವನ ಅಕ್ಕ, ನೀಲಾಂಬಿಕಾ. ನನ್ನನ್ನು ದುಂಡಸಿಗೆ ಕೊಟ್ಟಿದ್ದರು. ಮೂರು ವರ್ಷಕ್ಕೆ ಗಂಡನ ಮನೆ ಸಾಕೆನಿಸಿ ತಿರುಗಿ ಬಂದೆ. ಅಂದಿನಿಂದ ಎತ್ತರ ಬೆಳೆದ ಬಳ್ಳಿ ಇಳಿಸಿ ಕಟ್ಟಿದವಳು ನಾನು, ಎಲೆ ಕೊಯ್ದವಳು ನಾನು, ಅವನನ್ನು ಬೈದವಳೂ ನಾನೇ.

ಅವನ ಮೊದಲ ಜಗಳ ಆ ಯಂತ್ರದ್ದೇ. ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಿಂದ ತಂದದ್ದು. ಅದರಲ್ಲಿ ಯಾರಿಗೂ ಕರೆ ಮಾಡಲು ಬರುತ್ತಿರಲಿಲ್ಲ.

“ಮಾತಾಡಾಕ ಬರದ ಫೋನ್ ಯಾಕ ಬೇಕೋ ನಿನಗ?” ಎಂದೆ.

“ಇದು ಫೋನ್ ಅಲ್ಲಕ್ಕ, ಅಂಗೈ ಕಂಪ್ಯೂಟರ್. ಫೋನ್ ಇರೋದು ಒದರಾಕ. ಇದು ವಿಚಾರ ಮಾಡಾಕ.”

ಹಾನಗಲ್ಲದಲ್ಲಿ ಬಿಎಸ್ಸಿ ಓದುತ್ತಿದ್ದವನು ಅಪ್ಪ ಸತ್ತಾಗ ಅರ್ಧಕ್ಕೇ ಬಿಟ್ಟು ಬಂದಿದ್ದ. ಓದು ನಿಂತರೂ ಓದಿನ ಸೊಕ್ಕು ನಿಲ್ಲಲಿಲ್ಲ. ಇಂಟರ್ನೆಟ್ಟಿನಲ್ಲಿ ‘ವಾದಕಟ್ಟೆ’ ಎಂಬ, ಮೇಲ್‌ನಲ್ಲೇ ಜಗಳವಾಡುವ ಒಂದು ಗುಂಪಿತ್ತು. ಅಲ್ಲಿ ‘ಎಲೆಫಕ್ಕೀರ’ ಎಂದು ಹೆಸರಿಟ್ಟುಕೊಂಡು ಸೇರಿದ. ತೋಟದಲ್ಲಿ ಬರೆದದ್ದನ್ನು ಸಂಜೆ ಪೇಟೆಯ ಇಂಟರ್ನೆಟ್ ಅಂಗಡಿಯಿಂದ ಕಳಿಸುತ್ತಿದ್ದ. ಸೇರಿದ ದಿನವೇ ಒಬ್ಬ ಗಂಟುಬಿದ್ದ. ಅವನ ಹೆಸರು ಅಲ್ಲಿ ‘ಹತ್ತುಬೆರಳು’. ಹಿರೇಕೆರೂರಿನಲ್ಲಿ ಟೈಪಿಂಗ್ ಕ್ಲಾಸ್ ನಡೆಸುವ ಮೈಲಾರಲಿಂಗ ಎಂದು ಆಮೇಲೆ ಗೊತ್ತಾಯಿತು. “ದೇವರು ಹತ್ತು ಬೆರಳು ಕೊಟ್ಟಾನ, ನೀ ಒಂದ್ ಕಡ್ಡಿಲೆ ಬರಿತಿ. ನಿನ್ನ ಬುದ್ಧಿನೂ ಅಷ್ಟ” ಎಂದು ಅವನು ಬರೆದ. ಅದಕ್ಕೆ ಇವನು ಉತ್ತರ ಕೊಟ್ಟ. ಹೀಗೆ ಆರು ವರ್ಷ ನಡೆಯಿತು, ಅಷ್ಟರಲ್ಲಿ ಇನ್ನೂ ಹತ್ತು ಜನ ಹತ್ತುಬೆರಳಿನ ಕಡೆ ಸೇರಿದರು. ಕೊನೆಗೆ ಆ ಯಂತ್ರದ ಬ್ಯಾಟರಿ ಸತ್ತು, ಇವನೂ ಎಲ್ಲರಂತೆ ಮೊಬೈಲ್ ಹಿಡಿದ. ಸೋತೆ ಅಂತ ಮಾತ್ರ ಅನ್ನಲಿಲ್ಲ. ಅದೇ ಕಡ್ಡಿಯ ತುದಿಗೆ ಮೊಬೈಲಿಗೆ ತಾಗುವ ರಬ್ಬರು ಸಿಗಿಸಿ, ಮೊಬೈಲನ್ನೂ ಅದರಿಂದಲೇ ಚುಚ್ಚಿದ.

ಎರಡನೇ ಜಗಳ ಸ್ಪ್ಯಾಮ್ ಎಂಬ ಕಸದ ಮೇಲ್‌ಗಳದ್ದು. ನಿಮಗೂ ನಮಗೂ ಬರುತ್ತವೆ, ನಾವು ಅಳಿಸುತ್ತೇವೆ. ನನ್ನ ತಮ್ಮ ಅಳಿಸುತ್ತಿರಲಿಲ್ಲ, ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದ! ಗಂಡ ಸತ್ತಿದ್ದಾನೆ, ಕೋಟಿಗಟ್ಟಲೆ ಆಸ್ತಿ ನಿಮಗೇ ಕೊಡುತ್ತೇನೆ ಎಂದು ಯಾವುದೋ ದೇಶದ ಹೆಂಗಸು ಬರೆದರೆ, “ತಂಗೀ, ನಿನ್ನ ಗಂಡ ಹೋದ ತಿಂಗಳೂ ಸತ್ತಿದ್ದ. ಎಷ್ಟು ಸಲ ಸಾಯ್ತಾನ ಅವ?” ಎಂದು ಬರೆಯುತ್ತಿದ್ದ. ನೀರು ಹಾಯಿಸುವ ಹೊತ್ತೆಲ್ಲ ಇದಕ್ಕೇ ಹೋಗುತ್ತಿತ್ತು. ಸುಳ್ಳಿಗೆ ಉತ್ತರ ಕೊಡದೆ ಬಿಟ್ಟರೆ ಅದೇ ಖರೆ ಆಗಿಬಿಡುತ್ತದೆ ಅನ್ನುವುದು ಅವನ ವಾದ. ಕಸಕ್ಕೆ ಯಾರು ಉತ್ತರ ಕೊಡುತ್ತಾರೆ ಅನ್ನುವುದು ಹತ್ತುಬೆರಳಿನ ವಾದ. ಆ ಒಂದು ವಿಷಯದಲ್ಲಿ ನಾನು ಹತ್ತುಬೆರಳಿನ ಕಡೆಗಿದ್ದೆ.

ಮೂರನೆಯದು ಜೀವವಿಕಾಸದ್ದು. ನನ್ನ ಹೊಟ್ಟೆ ಉರಿದದ್ದು ಅದಕ್ಕೆ.

ಮೈಲಾರಲಿಂಗ ಬರೆದದ್ದು ಇಷ್ಟು: ಜೀವ ಅಂದ ಮೇಲೆ ನೆಲ, ನೀರು ನೋಡಿ ತಾನಾಗೇ ಬದಲಾಗುತ್ತದೆ, ಇದೇ ವಿಕಾಸ. ಫಕ್ಕೀರಪ್ಪ ಹರಿಹಾಯ್ದ. “ದಡ್ಡ, ಬದಲಾವಣಿ ಬರೋದು ಬೀಜದಾಗ. ತಂದಿ ತಾಯಿ ಕೂಡಿ ಹುಟ್ಟಿದ ಮಕ್ಕಳು ಒಂದರಂಗ ಒಂದ ಇರೂದಿಲ್ಲ. ಅದರಾಗ ಕೆಲವು ಬದುಕ್ತಾವು, ಕೆಲವು ಸಾಯ್ತಾವು. ನಮ್ಮ ಎಲಿಬಳ್ಳಿ ಬೀಜಕ್ಕ ಹೋಗೂದಿಲ್ಲ, ಕಡ್ಡಿ ಕಡದು ಹಚ್ತೇವಿ. ನಮ್ಮ ಮುತ್ತಜ್ಜಿ ಹಚ್ಚಿದ ಬಳ್ಳೀನ ಇವತ್ತೂ ಐತಿ. ತ್ವಾಟದಾಗ ಸಾವಿರ ಬಳ್ಳಿ ಕಂಡ್ರೂ ಅದು ಒಂದ ಗಿಡ.” ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದ: “ಒಂದ ಗಿಡ ಅಂದಮ್ಯಾಲ, ರೋಗ ಬಂದ್ರ ಒಂದ ಸಲಕ್ಕ ಎಲ್ಲಾ ಹೋಗ್ತಾವು.” ಆ ಸಾಲು ಓದಿದಾಗ, ನಾಲಿಗೆಯ ಮೇಲೆ ಹಿಡಿತವಿಲ್ಲದವನು ಎಂದು ನಾನು ಉಗಿದಿದ್ದೆ.

“ಹಂಗಾದ್ರ ನಿನ್ನ ಬಳ್ಳಿ ಕಳಸು” ಎಂದು ಮೈಲಾರಲಿಂಗ ಪಂಥ ಕಟ್ಟಿದ. “ನಮ್ಮ ಮಣ್ಣಾಗ ಹಚ್ತೇನಿ. ಹತ್ತು ವರ್ಷದಾಗ ಬದಲಾಗಲಿಲ್ಲ ಅಂದ್ರ ನಾ ಸೋತೆ ಅಂತ ಕಟ್ಟಿಮ್ಯಾಲ ಬರಿತೇನಿ. ಬದಲಾದ್ರ ನೀ ಬರಿ.”

ಈಗ ನಮ್ಮ ಮನೆಯ ರೀತಿಯೊಂದನ್ನು ಹೇಳಬೇಕು. ನಮ್ಮ ಬಳ್ಳಿಯನ್ನು ಹೊರಗಿನವರಿಗೆ ಕೊಡುವುದಿಲ್ಲ. ಮಾರುವುದೂ ಇಲ್ಲ. ಮನೆಯ ಮಗಳು ಗಂಡನ ಮನೆಗೆ ಹೋಗುವಾಗ ಬಾಳೆಪಟ್ಟೆಯಲ್ಲಿ ಸುತ್ತಿ ಒಂದು ಕಟ್ಟು ಕೊಡುತ್ತಾರೆ, ಅಷ್ಟೇ. ನನಗೂ ಅವ್ವ ಕೊಟ್ಟಿದ್ದಳು. ದುಂಡಸಿಯ ಆ ಮನೆಯಲ್ಲಿ ಅದಕ್ಕೆ ಒಂದು ಕೊಡ ನೀರು ಹಾಕಲು ಬಿಡಲಿಲ್ಲ, ಒಣಗಿಹೋಯಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಂಥ ಬಳ್ಳಿಯನ್ನು ಈ ಮಹಾಶಯ, ನನಗೆ ಒಂದು ಮಾತು ಹೇಳದೆ, ಕಡಿದು ಕಟ್ಟಿ, ಹಾನಗಲ್ಲಕ್ಕೆ ಒಯ್ದು, ಹಿರೇಕೆರೂರ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಂದ.

“ಮಗಳಿಗೆ ಕೊಡೋದನ್ನ ವೈರಿಗೆ ಕೊಟ್ಟೆಲ್ಲೋ ಹಾಳಾದವನ!” ಎಂದು ಚೀರಿದೆ.

“ವಾದ ಅಂದ್ರ ವಾದ ಅಕ್ಕ.”

ನಾಲ್ಕು ದಿನ ಅವನಿಗೆ ರೊಟ್ಟಿ ಬಡಿದು ಹಾಕಲಿಲ್ಲ. ಖಾರ ಚುರುಮುರಿ ತಿಂದುಕೊಂಡಿದ್ದ, ಆದರೆ ಕಡ್ಡಿ ಕೆಳಗಿಡಲಿಲ್ಲ.

ಅದೇ ವರ್ಷ ಮೈಲಾರಲಿಂಗ ನಮ್ಮ ಅವ್ವನ ಮೇಲೆ ಏನೋ ಹಗುರವಾಗಿ ಬರೆದ. ಕಸದ ಮೇಲ್‌ಗೂ ಉತ್ತರ ಬರೆಯುವವನು ಈ ಒಬ್ಬನನ್ನು ಮಾತ್ರ ಸ್ಪ್ಯಾಮ್ ಎಂದು ಗುರುತು ಹಾಕಿ ಕಸದೊಳಗೆ ನೂಕಿದ. ಅಲ್ಲಿ ಆ ಹೆಸರು ಕಂಡರೂ ಮತ್ತೆ ತೆರೆದು ನೋಡಲಿಲ್ಲ. ಬಳ್ಳಿ ಹತ್ತಿತೋ ಸತ್ತಿತೋ, ನಮಗೆ ಗೊತ್ತಾಗಲಿಲ್ಲ.

ಇನ್ನು ಎರಡು ಸಾವಿರದ ಇಪ್ಪತ್ತೊಂದರ ಮಾತು. ಸುಗ್ಗಿ ಹತ್ತಿರ ಬಂದರೂ ಮಳೆ ಬಿಡಲೊಲ್ಲದು. ತೋಟದಲ್ಲಿ ನೀರು ನಿಂತಿತು. ಮೊದಲು ಮೂಡಣ ಬದುವಿನ ನಾಲ್ಕು ಬಳ್ಳಿ ಬಾಡಿದವು. ಬುಡ ಮುಟ್ಟಿದರೆ ಕೊಳೆತು ಕೈಗೆ ಬಂತು. ಔಷಧಿ ಹೊಡೆದೆವು, ಮಣ್ಣು ತೆಗೆದೆವು, ಕಾಲುವೆ ಕಡಿದೆವು. ಇಪ್ಪತ್ತು ದಿನಕ್ಕೆ ಇಡೀ ತೋಟ ಹಳದಿಯಾಗಿ ಜೋತುಬಿತ್ತು. ಒಂದು ಬಳ್ಳಿ, ಒಂದೇ ಒಂದು ಉಳಿಯಲಿಲ್ಲ. ನಾನು ಬುಡದಲ್ಲಿ ಕೂತು ಅತ್ತೆ. ಅವ್ವನ ಕೈ ಮುಟ್ಟಿದ ಬಳ್ಳಿ ಅದು. ಅವ್ವ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಫಕ್ಕೀರಪ್ಪ ಅಳಲಿಲ್ಲ. “ನಾ ಬರದಿದ್ದೆ ಅಕ್ಕ. ಒಂದ ಗಿಡ ಅಂತ ಬರದಿದ್ದೆ” ಎಂದ.

“ನಿನ್ನ ಬಾಯಾಗ ಮಣ್ಣು ಹಾಕ!” ಎಂದೆ. ಅವನು ಮೊಬೈಲನ್ನು ಗೋಡೆಯ ಮಾಡದಲ್ಲಿ ಇಟ್ಟ. ಮುಂದೆ ಮೂರು ತಿಂಗಳು ಅದನ್ನು ಮುಟ್ಟಲಿಲ್ಲ.

ಶಿವರಾತ್ರಿ ಕಳೆದು ಹನ್ನೆರಡು ದಿನಕ್ಕೆ ಆ ಮೊಬೈಲಿನ ಕಸವನ್ನಾದರೂ ಬಳಿಯೋಣ ಎಂದು ನಾನು ತೆರೆದೆ. ಸತ್ತ ಗಂಡಂದಿರು, ಲಾಟರಿ, ಬೊಕ್ಕತಲೆಯ ಔಷಧಿ. ಅವುಗಳ ನಡುವೆ ಒಂದು ಮೇಲ್, ಹತ್ತುಬೆರಳಿನದು. ಸ್ಕೇಲಿನ ಪಕ್ಕಕ್ಕೆ ಎಲೆಯೊಂದನ್ನು ಇಟ್ಟು ತೆಗೆದ ಫೋಟೋ. ಕೆಳಗೆ ಹೀಗಿತ್ತು: “ಹತ್ತನೇ ಶಿವರಾತ್ರಿ. ಪ್ರತಿ ವರ್ಷ ಫೋಟೋ ಕಳಸೇನಿ, ಹೇಡಿ, ಒಂದಕ್ಕೂ ಉತ್ತರಿಲ್ಲ. ಎಲಿ ಅರ್ಧ ಇಂಚು ಅಗಲಾಗೇತಿ. ಬಂದು ನೋಡು. ಸೋತೆ ಅಂತ ಬರಿ.”

ಕಸದಲ್ಲಿ ಬಿದ್ದದ್ದು ತಿಂಗಳಿಗೊಮ್ಮೆ ತಾನಾಗೇ ಅಳಿಸಿಹೋಗುತ್ತದಂತೆ. ಹಿಂದಿನ ಒಂಬತ್ತು ಫೋಟೋ ಹಾಗೇ ಹೋಗಿದ್ದವು. ನಾನು ಇನ್ನು ಹದಿನೆಂಟು ದಿನ ತಡ ಮಾಡಿದ್ದರೆ ಇದೂ ಹೋಗುತ್ತಿತ್ತು. ಎಲೆಯ ತುದಿ ಎಡಕ್ಕೆ ಚೂರು ತಿರುಗಿತ್ತು. ನಮ್ಮ ಎಲೆ ಹಾಗೇ ತಿರುಗುವುದು. ನಾನು ಕೂಗಿದ ಕೂಗಿಗೆ ಫಕ್ಕೀರಪ್ಪ ಬಾವಿಯಿಂದ ಓಡಿ ಬಂದ.

ಮರುದಿನವೇ ಹಾನಗಲ್ಲದಲ್ಲಿ ಬಸ್ಸು ಬದಲಿಸಿ ಹಿರೇಕೆರೂರಿಗೆ ಹೋದೆವು. ಟೈಪಿಂಗ್ ಕ್ಲಾಸಿನ ಹಿತ್ತಲಲ್ಲಿ, ಎರಡು ನುಗ್ಗೆಗಿಡಗಳಿಗೆ ನಮ್ಮ ಬಳ್ಳಿ ಹಬ್ಬಿತ್ತು. ಎಲೆಬಳ್ಳಿಯ ಹತ್ತಿರ ನಾವು ಚಪ್ಪಲಿ ಮೆಟ್ಟಿ ಹೋಗುವುದಿಲ್ಲ, ನಾನು ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದೆ. ಮೈಲಾರಲಿಂಗ ಚಪ್ಪಲಿ ಹಾಕಿಕೊಂಡೇ ಬಳ್ಳಿಯ ಬುಡದಲ್ಲಿ ನಿಂತಿದ್ದ. ಅರವತ್ತರ ಮೇಲಿನ ಒಣಕಲು ಮನುಷ್ಯ. ಹದಿನೈದು ವರ್ಷ ಏಕವಚನದಲ್ಲೇ ಬೈದವನು ಎದುರಿಗೆ ಸಿಕ್ಕಾಗ ಬಹುವಚನಕ್ಕೆ ಇಳಿದ. ನನಗೆ ಅದೇ ಹೆಚ್ಚು ಚುಚ್ಚಿತು.

“ಬರ್ರಿ, ಎಲಿಫಕ್ಕೀರ ಸಾಹೇಬ್ರ. ಕಡ್ಡಿ ತಂದೀರೇನ್ರಿ?”

“ತ್ವಾಟ ಹೋಗೇತಿ” ಎಂದ ಫಕ್ಕೀರಪ್ಪ. “ಬಳ್ಳಿ ಬೇಕಾಗೇತಿ.”

“ಕೊಡೋಣಂತ. ಮೊದಲು ಸೋತೆ ಅಂತ ಬರೀರಿ. ಎಲಿ ಬದಲಾಗೇತಿ, ಕಣ್ಣಿಗೆ ಕಾಣಸ್ತೈತೆಲ್ಲ?”

“ನೆರಳಿಗೆ ಅಗಲ ಆಗೇತ್ರಿ. ನಮ್ಮ ಮಣ್ಣಿಗೆ ಹೋದ್ರ ಮತ್ತ ಮೊದಲಿನಂಗ ಆಕ್ಕೇತಿ. ಬಳ್ಳಿ ಅದ ಐತಿ.”

“ಹಂಗಾರ ಅದು ಇಲ್ಲೇ ಇರ್ಲಿ ಬಿಡ್ರಿ. ನೀವು ಹೋಗಿ ಬರ್ರಿ.”

ಫಕ್ಕೀರಪ್ಪ ತಿರುಗಿದ. ಅಯ್ಯೋ, ಈ ಹುಂಬ ಬಾಗಿಲ ಕಡೆಗೆ ನಡೆದೇಬಿಟ್ಟ! ವಾದಕ್ಕಾಗಿ ಬಳ್ಳಿ ಕೊಟ್ಟವನು ವಾದಕ್ಕಾಗಿ ಬಳ್ಳಿ ಬಿಡಲೂ ತಯಾರಾಗಿದ್ದ. ನಾನು ಓಡಿಹೋಗಿ ಅವನ ತೋಳು ಹಿಡಿದೆ.

“ಅಕ್ಕಾರ ಹೇಳ್ಲಿ” ಎಂದ ಮೈಲಾರಲಿಂಗ. ಒಂದು ಎಲೆ ಚಿವುಟಿ ನನ್ನ ಕೈಗೆ ಕೊಟ್ಟ. “ಎಲಿ ಕೊಯ್ದ ಕೈ ನಿಮ್ಮದು. ತಿಂದು ನೋಡ್ರಿ. ನಿಮ್ಮ ಮಾತ ಕಡೀ ಮಾತು.”

ತಿಂದೆ. ಮೊದಲು ನಾಲಿಗೆಯ ತುದಿಗೆ ಖಾರ ತಾಗಿತು, ಆಮೇಲೆ ಗಂಟಲಲ್ಲಿ ತಣ್ಣಗಾಯಿತು. ಅವ್ವ ಮಧ್ಯಾಹ್ನ ಉಂಡು, ಅರ್ಧ ಎಲೆ ತಾನು ತಿಂದು, ಉಳಿದರ್ಧ ನನ್ನ ಬಾಯಿಗೆ ಇಡುತ್ತಿದ್ದಳಲ್ಲ, ಅದೇ ರುಚಿ. ಕೂದಲೆಳೆಯಷ್ಟೂ ಬೇರೆಯಲ್ಲ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

“ಬದಲಾಗೇತಿ” ಎಂದೆ.

ಫಕ್ಕೀರಪ್ಪನ ಮುಖ ಬಿಳಿಚಿತು. “ಅಕ್ಕ, ಖರೇ ಹೇಳು.”

“ಬದಲಾಗೇತಿ ಅಂದ್ನೆಲ್ಲೋ! ಬರಿ!”

ಅವನಿಗೆ ನಾನು ಸುಳ್ಳು ಹೇಳಿದ್ದು ಗೊತ್ತಾಯಿತು. ಹುಟ್ಟಿದಾಗಿನಿಂದ ನನ್ನ ಮುಖ ನೋಡಿದವನು. ಆದರೂ ಕಿಸೆಯಿಂದ ಕಡ್ಡಿ ತೆಗೆದ. ಬಾವಿಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ವಾದಕಟ್ಟೆಗೆ ಒಂದೊಂದೇ ಅಕ್ಷರ ಚುಚ್ಚಿದ. “ಬಳ್ಳಿ ಬದಲಾಗಿದೆ. ನಾನು ಸೋತೆ. ಎಲೆಫಕ್ಕೀರ.” ಇನ್ನು ಈ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಮೈಲಾರಲಿಂಗ ಬಳ್ಳಿ ಮುಟ್ಟಿಸಿ ಆಣೆ ಮಾಡಿಸಿಕೊಂಡ. ಗುಂಪಿನ ಉಳಿದ ಹತ್ತೂ ವೈರಿಗಳು ಹರಿದು ಬಂದರು. ಕತ್ತೆಯ ಚಿತ್ರ ಹಾಕಿದರು, ಹಲ್ಲು ಕಿಸಿದರು, ಹಿಂದಿನ ಎಲ್ಲ ಜಗಳಗಳನ್ನೂ ಕೆದಕಿ, ಅವೂ ಸುಳ್ಳೇ ಇರಬೇಕು ಎಂದರು. ಫಕ್ಕೀರಪ್ಪ ಎಲ್ಲವನ್ನೂ ಓದಿದ. ಮೈಲಾರಲಿಂಗ ನಗುತ್ತ ನಲವತ್ತು ಕಡ್ಡಿ ಕಡಿದು, ಬಾಳೆಪಟ್ಟೆಯಲ್ಲಿ ಸುತ್ತಿ, ನೀರು ಚಿಮುಕಿಸಿ ಕೊಟ್ಟ. ಕಟ್ಟಿದ್ದು ಮಾತ್ರ ನೀಟಾಗಿ ಕಟ್ಟಿದ್ದ. ನಾನು ಅದಕ್ಕೂ ಅವನಿಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲ.

ಮೂರು ವರ್ಷವಾಯಿತು. ತೋಟ ಮತ್ತೆ ಹಸಿರಾಗಿದೆ. ಮೊದಲ ಕೊಯ್ಲಿನ ಎಲೆಯನ್ನು ಬಸ್‌ಸ್ಟ್ಯಾಂಡಿನ ಪಾನ್ ಅಂಗಡಿಯ ಗೌಸಸಾಬನಿಗೆ ಕೊಟ್ಟೆ. ಅವನು ಕಣ್ಣು ಮುಚ್ಚಿ ಅಗಿದು, “ಅವ್ವಾರ ಕೈಯಾನ ಎಲಿ ಬಂತಲ್ರಿ ಅಕ್ಕಾರ” ಎಂದ. ಎಲೆಯ ಆ ಅರ್ಧ ಇಂಚೂ ನಮ್ಮ ಮಣ್ಣಿಗೆ ಬಂದು ಇಳಿದುಹೋಗಿದೆ. ನಾನೇ ಸ್ಕೇಲ್ ಇಟ್ಟು ಅಳೆದಿದ್ದೇನೆ. ನನ್ನ ತಮ್ಮ ಹೇಳಿದ್ದು ಅಕ್ಷರಶಃ ಖರೆಯಾಯಿತು, ಆದರೆ ಹೇಳಲು ಅವನಿಗೆ ಬಾಯಿಲ್ಲ. ಪಡುವಣ ಬದುವಿಗೆ ಬೇರೆ ಊರುಗಳಿಂದ ಬೇರೆ ಜಾತಿಯ ಬಳ್ಳಿಗಳನ್ನು ತಂದು ಹಚ್ಚಿದ್ದಾನೆ, ಇನ್ನೊಮ್ಮೆ ರೋಗ ಬಂದರೆ ಎಲ್ಲವೂ ಒಂದೇ ಸಲಕ್ಕೆ ಹೋಗಬಾರದು ಎಂದು. ಯಾರ ಜತೆಗೂ ವಾದ ಮಾಡುವುದಿಲ್ಲ. ಆ ಹೆಂಗಸಿನ ಗಂಡ ಇನ್ನೂ ಪ್ರತಿ ತಿಂಗಳು ಸಾಯುತ್ತಾನೆ, ಇವನು ಕೇಳುವುದಿಲ್ಲ. ಇವನ ಬಾಯಿ ಬಂದಾಗಲಿ ಎಂದು ನಾನು ಹದಿನೈದು ವರ್ಷ ದೇವರಿಗೆ ಕೈಮುಗಿದಿದ್ದೆ. ಬಂದಾದ ಮೇಲೆ ನನಗೆ ಊಟ ಸೇರುತ್ತಿಲ್ಲ.

ಹತ್ತುಬೆರಳು ಈ ಶಿವರಾತ್ರಿಗೂ ಕಟ್ಟೆಯ ಮೇಲೆ ಬರೆದ: “ಏನ್ರಿ ಎಲಿಫಕ್ಕೀರ, ಎಲಿ ಇನ್ನಷ್ಟು ಬದಲಾತೇನು?” ಹತ್ತು ಜನ ನಕ್ಕರು. ಫಕ್ಕೀರಪ್ಪ ಓದಿ, ಮೊಬೈಲ್ ಕೆಳಗಿಟ್ಟು, ನೀರು ಹಾಯಿಸಲು ಎದ್ದ.

ಆಣೆ ಮಾಡಿದವನು ಅವನು. ನಾನು ಮಾಡಿಲ್ಲ.

ನನ್ನ ಮೊಬೈಲಿನಿಂದ, ನನ್ನದೇ ಹೆಸರಿನಲ್ಲಿ ವಾದಕಟ್ಟೆಗೆ ಸೇರಿದೆ. ಬಾಗಿಲಲ್ಲಿ ಕೂತು ಬೆರಳಿನಿಂದ ಒತ್ತತೊಡಗಿದೆ. ‘ನಾನು ನೀಲಾಂಬಿಕಾ, ಎಲೆಫಕ್ಕೀರನ ಅಕ್ಕ. ಅವತ್ತು ಹಿರೇಕೆರೂರಲ್ಲಿ ಸುಳ್ಳು ಹೇಳಿದವಳು ನಾನು. ಎಲೆ ಬದಲಾಗಿಲ್ಲ. ನನ್ನ ತಮ್ಮ ಸೋತಿಲ್ಲ.’ ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ತಪ್ಪಿತು. ಹಾಳು ಬೆರಳು ಒಂದು ಒತ್ತಿದರೆ ಇನ್ನೊಂದು ಬೀಳುತ್ತಿತ್ತು.

ಬೆನ್ನ ಹಿಂದೆ ಯಾರೋ ನಿಂತಂತಾಯಿತು. ಫಕ್ಕೀರಪ್ಪ. ಕೆಸರುಗಾಲಲ್ಲೇ ಒಳಗೆ ಬಂದು ಎಷ್ಟು ಹೊತ್ತಿನಿಂದ ಓದುತ್ತಿದ್ದನೋ. ನಾನು ತಲೆಯೆತ್ತಿ, “ಏನು? ಬ್ಯಾಡ ಅಂತೀಯೇನು?” ಎಂದೆ.

ಅವನು ಕಿಸೆಗೆ ಕೈ ಹಾಕಿ, ಇಪ್ಪತ್ತು ವರ್ಷದ ಆ ಕಡ್ಡಿಯನ್ನು ತೆಗೆದು, ಧೋತರಕ್ಕೆ ಒರೆಸಿ ನನ್ನ ಕೈಯಲ್ಲಿಟ್ಟ.

“ಇದರಲೆ ಬರಿ ಅಕ್ಕ” ಎಂದ.